ಕಾಲುವೆ ತುಂಬಿದೆ, ಗದ್ದೆ ಒಣಗಿದೆ

ಓದುಗರ ಪ್ರಶ್ನೆ, ಡಾಕ್ಟರ ಉತ್ತರ: ಈ ಸಲ ಶುಗರ್ ಮತ್ತು ಇನ್ಸುಲಿನ್

ಸಕ್ಕರೆ ಕಾಯಿಲೆ ಬಗ್ಗೆ ಪ್ರಶ್ನೆ ಕಳಿಸಿ ಅಂದಿದ್ದೇ ತಡ, ಪತ್ರಗಳ ಕಟ್ಟೇ ಬಂತು. ಓದುತ್ತಾ ಹೋದರೆ ಅರ್ಧಕ್ಕಿಂತ ಜಾಸ್ತಿ ಪತ್ರಗಳಲ್ಲಿ ಇದ್ದದ್ದು ಒಂದೇ ಭಯ. ಸೂಜಿ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಪ್ರಶ್ನೆ: ನನಗೆ 58 ವರ್ಷ. ಹನ್ನೊಂದು ವರ್ಷದಿಂದ ಶುಗರ್ ಇದೆ. ಈಗ ಮೂರು ಥರದ ಮಾತ್ರೆ ತಗೊಳ್ತಿದ್ದೀನಿ. ಆದರೂ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸಕ್ಕರೆ ಸರಾಸರಿ ತೋರಿಸುವ ರಕ್ತಪರೀಕ್ಷೆ) 9.8 ಬಂದಿದೆ. ಡಾಕ್ಟ್ರು ಇನ್ಸುಲಿನ್ ಶುರು ಮಾಡೋಣ ಅಂತಾರೆ. ಒಂದ್ಸಲ ಶುರು ಮಾಡಿದರೆ ಬಿಡೋಕಾಗಲ್ಲ, ಅದು ಕೊನೇ ಹಂತ ಅಂತ ಎಲ್ಲರೂ ಹೇಳ್ತಾರೆ. ಇನ್ನೊಂದು ಮೂರು ತಿಂಗಳು ಪಥ್ಯ ಮಾಡಿ ನೋಡಲಾ? (ಶಿರಾದ ಓದುಗರು)

ಸರ್, ನಾನೂ ಇನ್ಸುಲಿನ್ ತಗೊಳ್ಳುವವಳೇ. ಒಂಬತ್ತು ವರ್ಷವಾಯಿತು. ಅದಕ್ಕೆ ಮುಂಚೆ ಏಳು ತಿಂಗಳು ನಾನೂ ಸಬೂಬು ಹೇಳಿಕೊಂಡು ತಿರುಗಿದ್ದೆ. ಹಬ್ಬ ಮುಗಿಯಲಿ, ಮಗಳ ಬಾಣಂತನ ಮುಗಿಯಲಿ ಅಂತ. ಡಾಕ್ಟರೇ ಹೀಗೆ ಮಾಡಿದರೆ ಹೇಗೆ ಅಂತೀರಾ? ನಮಗೆ ಬೇರೆಯವರಿಗೆ ಚುಚ್ಚಿ ಅಭ್ಯಾಸ, ನಮಗೆ ನಾವೇ ಚುಚ್ಚಿಕೊಂಡು ಅಲ್ಲ.

ಶಿರಾದವರಿಗೆ ನೀರುಗಂಟಿ ಅಂದರೆ ಯಾರು ಅಂತ ಬಿಡಿಸಿ ಹೇಳಬೇಕಿಲ್ಲ. ಗುಬ್ಬಿ ತಾಲೂಕಿನ ನಮ್ಮ ಅಜ್ಜಿ ಊರಲ್ಲಿ ಒಬ್ಬರಿದ್ದರು. ಕೆರೆ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡುವುದು ಅವರ ಕೆಲಸ. ಹೆಗಲ ಮೇಲೆ ಸನಿಕೆ, ರಾತ್ರಿಯಾದರೆ ಕೈಯಲ್ಲಿ ಲಾಟೀನು. ಸುಗ್ಗಿಯಲ್ಲಿ ಮನೆಮನೆಯವರೂ ಅವರ ಪಾಲಿನ ಭತ್ತ ಅಳೆದು ಕೊಡುತ್ತಿದ್ದರು. ಒಂದು ಸಲ ಅವರು ಜ್ವರ ಬಂದು ವಾರ ಮಲಗಿಬಿಟ್ಟರು. ಕಾಲುವೆ ತುಂಬಿ ಗಾಡಿದಾರಿ ಮೇಲೆ ಹರಿಯಿತು. ಕೊನೆಯ ಗದ್ದೆಗಳು ಮಾತ್ರ ಬಿರುಕು ಬಿಟ್ಟಿದ್ದವು. ಮುಂದೆ ಮೆಡಿಕಲ್ ಕಾಲೇಜಿನಲ್ಲಿ ಇನ್ಸುಲಿನ್ ಪಾಠ ಕೇಳುವಾಗ ನನ್ನ ಕಣ್ಣಮುಂದೆ ಬಂದದ್ದು ಆ ಕಾಲುವೆಯೇ.

ತಿಂದ ಅನ್ನ, ಮುದ್ದೆ, ದೋಸೆಯ ಪಿಷ್ಟವೆಲ್ಲ ಕರುಳಿನಲ್ಲಿ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ರಕ್ತ ಅನ್ನುವುದು ಕಾಲುವೆ. ಮಾಂಸಖಂಡಗಳು ಗದ್ದೆ. ಲಿವರ್ ಕೆರೆ. ಇನ್ಸುಲಿನ್ ನೀರುಗಂಟಿ. ಹೊಟ್ಟೆಯ ಹಿಂಭಾಗದಲ್ಲಿ ಅಡ್ಡಲಾಗಿ ಮಲಗಿರುವ ಮೇದೋಜೀರಕ ಗ್ರಂಥಿಯೊಳಗೆ ಬೀಟಾ ಕೋಶಗಳು ಅಂತ ಇವೆ. ಇನ್ಸುಲಿನ್ ಹುಟ್ಟುವುದು ಅಲ್ಲಿ. ಗದ್ದೆಯ ಬಾಯಿ ತೆಗೆದು ಗ್ಲೂಕೋಸನ್ನು ಒಳಗೆ ಬಿಡುವುದು, ಜಾಸ್ತಿಯಾದದ್ದನ್ನು ಕೆರೆಗೆ ತುಂಬಿಸುವುದು, ಕೆರೆಯ ತೂಬು ಸುಮ್ನೆ ತೆರೆದಿರದಂತೆ ನೋಡಿಕೊಳ್ಳುವುದು, ಎಲ್ಲವೂ ಇದರ ಕೆಲಸವೇ.

ಆರೋಗ್ಯವಾಗಿರುವವರ ಇಡೀ ರಕ್ತದಲ್ಲಿ, ಅಂದರೆ ಸುಮಾರು ಐದು ಲೀಟರಿನಲ್ಲಿ, ಗ್ಲೂಕೋಸ್ ಎಷ್ಟಿರುತ್ತದೆ ಗೊತ್ತಾ? ಐದು ಗ್ರಾಂ ಆಸುಪಾಸು. ಒಂದು ಟೀ ಚಮಚ! ನಮ್ಮ ಒಂದು ಹೊತ್ತಿನ ಊಟದಿಂದ ಬರುವುದು ಅದರ ಹದಿನೈದು ಇಪ್ಪತ್ತು ಪಟ್ಟು. ಅಷ್ಟನ್ನೂ ಎರಡು ಗಂಟೆಯೊಳಗೆ ಅಲ್ಲಲ್ಲಿಗೆ ತಲುಪಿಸಿ ಮತ್ತೆ ಒಂದು ಚಮಚದ ಹತ್ತಿರಕ್ಕೆ ತರುತ್ತಾನೆ ನಮ್ಮ ನೀರುಗಂಟಿ. ಅವನ ಕೈ ಸೋತಾಗ ಕಾಲುವೆ ಏರುತ್ತದೆ. ಸಕ್ಕರೆ ಸುಮಾರು 180 (100 ಎಂಎಲ್ ರಕ್ತಕ್ಕೆ ಇಷ್ಟು ಮಿಲಿಗ್ರಾಂ ಅಂತ ಲೆಕ್ಕ) ದಾಟಿದರೆ ಕೆರೆ ಕೋಡಿ ಬಿದ್ದ ಹಾಗೆ ಮೂತ್ರದಲ್ಲಿ ಹೋಗಲು ಶುರು. ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಪದೇ ಪದೇ ಮೂತ್ರ, ಅದಕ್ಕೇ ದಾಹ. ರಕ್ತದಲ್ಲಿ ಇಷ್ಟೊಂದು ಸಕ್ಕರೆ ಇದ್ದೂ ಸುಸ್ತು ಯಾಕೆ ಅಂತ ಕೇಳುತ್ತಾರೆ. ಗದ್ದೆಗೆ ಹೋಗಿಲ್ಲವಲ್ಲ, ಅದಕ್ಕೆ.

ನಿಮ್ಮದು ಎರಡನೇ ಬಗೆ, ಟೈಪ್ 2. ಇದರಲ್ಲಿ ಮೊದಲು ಕೆಡುವುದು ಗದ್ದೆಯ ಬಾಯಿ. ಹೊಟ್ಟೆಯ ಬೊಜ್ಜು, ಮೈಮುರಿಯುವ ಕೆಲಸ ಇಲ್ಲದಿರುವುದು, ಅಪ್ಪ ಅಮ್ಮನಿಂದ ಬಂದದ್ದು ಎಲ್ಲ ಸೇರಿ ಅಲ್ಲಿ ಹೂಳು ಕಟ್ಟುತ್ತದೆ. ಒಬ್ಬ ಮಾಡುವ ಕೆಲಸಕ್ಕೆ ಇಬ್ಬರು ಬೇಕಾಗುತ್ತದೆ. ಬೀಟಾ ಕೋಶಗಳು ವರ್ಷಗಟ್ಟಲೆ ಡಬಲ್ ಡ್ಯೂಟಿ ಮಾಡಿ ದಣಿಯುತ್ತವೆ. ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು ತೋರಿಸಿದ ಪ್ರಕಾರ, ಕಾಯಿಲೆ ಗೊತ್ತಾಗುವ ಹೊತ್ತಿಗೇ ಅವುಗಳ ಅರ್ಧದಷ್ಟು ಶಕ್ತಿ ಹೋಗಿರುತ್ತದೆ.

ಮಾತ್ರೆಗಳೂ ಒಂದೊಂದು ಕಡೆ ಕೆಲಸ ಮಾಡುತ್ತವೆ. ಮೆಟ್‌ಫಾರ್ಮಿನ್ ಮುಖ್ಯವಾಗಿ ಕೆರೆಯ ತೂಬನ್ನು ಬಿಗಿ ಮಾಡುತ್ತದೆ. ಗ್ಲಿಮಿಪಿರೈಡ್ ಮಲಗಿದ ನೀರುಗಂಟಿಯನ್ನು ತಟ್ಟಿ ಎಬ್ಬಿಸುತ್ತದೆ. ಹೆಸರಿನ ಕೊನೆಗೆ ‘ಗ್ಲಿಫ್ಲೋಜಿನ್’ ಅಂತ ಬರುವ ಹೊಸ ಮಾತ್ರೆಗಳು ಕೋಡಿಯನ್ನೇ ತಗ್ಗಿಸಿ ಸಕ್ಕರೆಯನ್ನು ಹೊರಗೆ ಹರಿಸುತ್ತವೆ. ಎಲ್ಲ ಒಳ್ಳೆಯ ಔಷಧಗಳೇ. ಆದರೆ ಹನ್ನೊಂದು ವರ್ಷವಾದ ಮೇಲೆ ತಟ್ಟಿ ಎಬ್ಬಿಸಿದರೂ ನೀರುಗಂಟಿಗೆ ಏಳಲು ಆಗದಿದ್ದರೆ? ಬದಲಿ ಆಳು ಕರೆಯಬೇಕು. ಇನ್ಸುಲಿನ್ ಸೂಜಿ ಅಂದರೆ ಅಷ್ಟೇ ಸರ್, ಬದಲಿ ಆಳು.

ಕೊನೇ ಹಂತ ಅನ್ನುವ ಮಾತು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಜನ ಸೂಜಿ ಒಪ್ಪುತ್ತಿದ್ದುದೇ ಕಾಲು ಕೊಳೆತ ಮೇಲೆ, ಕಿಡ್ನಿ ಹೋದ ಮೇಲೆ. ಸೂಜಿ ಶುರುವಾಯಿತು, ಆರು ತಿಂಗಳಲ್ಲಿ ಮನುಷ್ಯ ಹೋದ. ಊರವರು ಸೂಜಿಯನ್ನೇ ಬೈದರು. ತಡವಾಗಿ ಬಂದ ಆಂಬುಲೆನ್ಸ್ ನೋಡಿ, ಇದು ಹತ್ತಿದವರು ಬದುಕಲ್ಲ ಅಂದ ಹಾಗೆ. ಬಿಡೋಕಾಗಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಆಪರೇಷನ್, ಸೋಂಕು, ಬಸುರಿ ಕಾಲದಲ್ಲಿ ಶುರು ಮಾಡಿ ಆಮೇಲೆ ಬಿಟ್ಟವರು ಬೇಕಾದಷ್ಟಿದ್ದಾರೆ. ನಿಮ್ಮ ವಿಷಯದಲ್ಲಿ ಬಹುಶಃ ಮುಂದುವರಿಸಬೇಕಾಗುತ್ತದೆ. ಅದು ಚಟವಲ್ಲ, ಕನ್ನಡಕದ ಹಾಗೆ.

9.8 ಅಂದರೆ ಹಿಂದಿನ ಎರಡು ಮೂರು ತಿಂಗಳಲ್ಲಿ ನಿಮ್ಮ ಸಕ್ಕರೆಯ ಸರಾಸರಿ ಸುಮಾರು 235. ಕೆಂಪು ರಕ್ತಕಣ ನಾಲ್ಕು ತಿಂಗಳು ಬದುಕುತ್ತದೆ, ಅದಕ್ಕೆ ಎಷ್ಟು ಸಕ್ಕರೆ ಅಂಟಿದೆ ಅಂತ ಈ ಪರೀಕ್ಷೆ ಹೇಳುತ್ತದೆ. ಪರೀಕ್ಷೆಯ ಹಿಂದಿನ ದಿನ ಉಪವಾಸ ಮಾಡಿ ಅದನ್ನು ಏಮಾರಿಸಲಾಗದು. ಇನ್ನು ಮೂರು ತಿಂಗಳು ಕಾದರೆ ಕಣ್ಣಿನ ಪರದೆಯೂ ಕಿಡ್ನಿಯೂ ಆ 235ರಲ್ಲೇ ನೆನೆಯುತ್ತಿರುತ್ತವೆ. ಪಥ್ಯ ಮಾಡಿ, ಬೇಡ ಅನ್ನಲ್ಲ. ಸೂಜಿಯ ಜೊತೆಗೆ ಮಾಡಿ. ಸಾಮಾನ್ಯವಾಗಿ ರಾತ್ರಿ ಒಂದೇ ಸಲ, 10 ಯೂನಿಟ್ ಆಸುಪಾಸಿನಿಂದ ಶುರು ಮಾಡುತ್ತಾರೆ. ಇನ್ಸುಲಿನ್ ಚುಚ್ಚಿಕೊಳ್ಳಲು ಪೆನ್ನಿನಂಥ ಸಾಧನ ಬರುತ್ತದೆ, ಅದರ ಸೂಜಿ ನಾಲ್ಕೇ ಮಿಲಿಮೀಟರ್. ಬೆರಳು ಚುಚ್ಚಿ ಸಕ್ಕರೆ ನೋಡುವಾಗ ಇದಕ್ಕಿಂತ ಜಾಸ್ತಿ ನೋವಾಗುತ್ತದೆ, ನಿಜವಾಗಿ.

ಪೆನ್ ಬದಲು ಸೀಸೆ, ಸಿರಿಂಜ್ ಕೊಟ್ಟರೆ ಒಂದು ಎಚ್ಚರ. ನನ್ನದೇ ಪೆದ್ದುತನ ಹೇಳುತ್ತೇನೆ. ತಂಗಿಯ ಮಗನ ಮದುವೆಗೆ ಹೋದಾಗ ಸಿರಿಂಜ್ ಮರೆತಿದ್ದೆ. ಅಲ್ಲಿನ ಮೆಡಿಕಲ್ ಶಾಪಿನಲ್ಲಿ ಇನ್ಸುಲಿನ್ ಸಿರಿಂಜ್ ಕೊಡಪ್ಪಾ ಅಂದೆ, ಕೊಟ್ಟ. ಎರಡು ದಿನ ಎಂದಿನಂತೆ 18ರ ಗೆರೆವರೆಗೆ ಎಳೆದು ಚುಚ್ಚಿಕೊಂಡೆ. ಮೂರನೇ ದಿನ ಬೆಳಿಗ್ಗೆ ಸಕ್ಕರೆ 340. ಮದುವೆಮನೆ ಹೋಳಿಗೆಗೆ ಬೈದುಕೊಂಡೆ. ಸಂಜೆ ಸಿರಿಂಜಿನ ಮುಚ್ಚಳ ಕಣ್ಣಿಗೆ ಬಿತ್ತು. ಕೇಸರಿ! ನಮ್ಮಲ್ಲಿ ಸೀಸೆಯ ಇನ್ಸುಲಿನ್ ಹೆಚ್ಚಾಗಿ ಒಂದು ಎಂಎಲ್‌ಗೆ 40 ಯೂನಿಟ್ಟಿನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಕೇಸರಿ ಮುಚ್ಚಳದ್ದು 100 ಯೂನಿಟ್ಟಿನದಕ್ಕೆ. ನಾನು 18 ಅಂದುಕೊಂಡು ತಗೊಂಡದ್ದು ಬರೀ 7 ಚಿಲ್ಲರೆ. ಉಲ್ಟಾ ಆಗಿದ್ದರೆ, ಅಂದರೆ 100ರ ಔಷಧವನ್ನು ಕೆಂಪು ಸಿರಿಂಜಿನಲ್ಲಿ ಎಳೆದಿದ್ದರೆ, ಎರಡೂವರೆ ಪಟ್ಟು ಒಳಗೆ ಹೋಗಿ ಈ ಅಂಕಣ ಬರೆಯಲು ನಾನೇ ಇರುತ್ತಿರಲಿಲ್ಲವೇನೋ. ಸೀಸೆಯ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಎರಡೂ ಒಂದೇನಾ ಅಂತ ಪ್ರತಿ ಸಲ ಕೊಳ್ಳುವಾಗಲೂ ನೋಡಿ.

ಪ್ರಶ್ನೆ: ನನ್ನ ಮಗಳಿಗೆ ಒಂಬತ್ತು ವರ್ಷ. ನಾಲ್ಕು ತಿಂಗಳ ಹಿಂದೆ ವಾಂತಿ, ಸುಸ್ತು ಅಂತ ಆಸ್ಪತ್ರೆಗೆ ಸೇರಿಸಿದಾಗ ಸಕ್ಕರೆ 500ರ ಮೇಲಿತ್ತು. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಕೊಡ್ತಿದ್ದೀವಿ. ಚಿಕ್ಕಂದಿನಲ್ಲಿ ನಾವು ಚಾಕಲೇಟು ಜಾಸ್ತಿ ಕೊಟ್ಟಿದ್ದಕ್ಕೇ ಹೀಗಾಯ್ತು ಅಂತ ಅತ್ತೆಮನೆಯವರು ಅಂತಾರೆ. ಒಂದು ಕಡೆ ಕಷಾಯ ಕೊಡಿಸಿದ ಮೇಲೆ ಡೋಸು 22 ಯೂನಿಟ್‌ನಿಂದ 9ಕ್ಕೆ ಇಳಿದಿದೆ. ಪೂರ್ತಿ ನಿಲ್ಲಿಸಬಹುದಾ? (ಹಾವೇರಿಯ ತಾಯಿ)

ನಿಲ್ಲಿಸಬೇಡಿ ತಾಯಿ. ಒಂದು ದಿನವೂ ಬೇಡ. ಮೊದಲು ಇದನ್ನು ಹೇಳಿಬಿಡುತ್ತೇನೆ, ಮಿಕ್ಕದ್ದು ಆಮೇಲೆ.

ಮಗುವಿನದು ಟೈಪ್ 1. ಚಾಕಲೇಟಿಗೂ ಇದಕ್ಕೂ ಸಂಬಂಧವಿಲ್ಲ. ನಮ್ಮ ಮೈಯಲ್ಲಿ ರೋಗಾಣುಗಳನ್ನು ಹೊಡೆಯುವ ಕಾವಲುಪಡೆ ಇರುತ್ತದಲ್ಲ, ಅದು ಬೀಟಾ ಕೋಶಗಳನ್ನೇ ಕಳ್ಳರು ಅಂತ ತಿಳಿದು ಹೊಡೆದುಹಾಕಿದೆ. ಊರ ಕಾವಲಿನವರೇ ನೀರುಗಂಟಿಯನ್ನು ಬಡಿದ ಹಾಗೆ. ಇದರಲ್ಲಿ ನಿಮ್ಮ ತಪ್ಪೂ ಇಲ್ಲ, ಮಗುವಿನ ತಪ್ಪೂ ಇಲ್ಲ. ಮನೆಯವರಿಗೆ ಈ ಪುಟ ತೋರಿಸಿ.

ಡೋಸು ಇಳಿದದ್ದು ಕಷಾಯದಿಂದ ಅಲ್ಲ. ಇನ್ಸುಲಿನ್ ಶುರುವಾಗಿ ಕೆಲವು ವಾರ ಆದ ಮೇಲೆ ಅಳಿದುಳಿದ ಬೀಟಾ ಕೋಶಗಳಿಗೆ ಸ್ವಲ್ಪ ವಿರಾಮ ಸಿಕ್ಕಿ ಅವು ಮತ್ತೆ ಕೆಲಸ ಮಾಡುತ್ತವೆ. ಡೋಸು ಅರ್ಧಕ್ಕೆ ಇಳಿಯುವುದೂ ಉಂಟು. ನಾವು ಡಾಕ್ಟರುಗಳು ಇದನ್ನು ‘ಹನಿಮೂನ್’ ಅಂತ ಕರೆಯುತ್ತೇವೆ. ಹೆಸರು ಚೆನ್ನಾಗಿದೆ, ಆದರೆ ಹನಿಮೂನ್ ಎಷ್ಟು ದಿನ? ಕೆಲವರಿಗೆ ತಿಂಗಳುಗಳು, ಕೆಲವರಿಗೆ ವರ್ಷ. ಆಮೇಲೆ ಆ ಕೋಶಗಳೂ ಹೋಗುತ್ತವೆ. ಕಷಾಯದವರಿಗೆ ಪುಕ್ಕಟೆ ಹೆಸರು ಬರುವುದು ಈ ಹೊತ್ತಿನಲ್ಲೇ. ಸೂಜಿ ನಿಲ್ಲಿಸಿದ ಮಕ್ಕಳನ್ನು ಉಸಿರು ಎಳೆದುಕೊಳ್ಳುವ ಸ್ಥಿತಿಯಲ್ಲಿ ತಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇನ್ಸುಲಿನ್ ಇಲ್ಲದಾಗ ಮೈ ಕೊಬ್ಬನ್ನು ಸುಡಲು ಶುರು ಮಾಡುತ್ತದೆ, ಕೀಟೋನ್ ಅನ್ನುವ ಆಮ್ಲ ರಕ್ತದಲ್ಲಿ ಏರುತ್ತದೆ. ಹೊಟ್ಟೆನೋವು, ವಾಂತಿ, ಜೋರು ಉಸಿರು, ಬಾಯಲ್ಲಿ ಹಣ್ಣಿನಂಥ ವಾಸನೆ ಕಂಡರೆ ಬೆಳಗಾಗುವವರೆಗೆ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಜ್ವರ ಬಂದು ಮಗು ಊಟ ಬಿಟ್ಟ ದಿನವೂ ಇನ್ಸುಲಿನ್ ಪೂರ್ತಿ ನಿಲ್ಲಿಸುವಂತಿಲ್ಲ. ಎಷ್ಟು ಅಂತ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ಕೇಳಿ.

ನಿಮಗೊಂದು ಹಳೇ ಕಥೆ. 1922ಕ್ಕೆ ಮುಂಚೆ ಈ ಕಾಯಿಲೆಯ ಮಕ್ಕಳಿಗೆ ಇದ್ದ ‘ಚಿಕಿತ್ಸೆ’ ಅಂದರೆ ಹಸಿವು. ಊಟ ಕಮ್ಮಿ ಮಾಡಿ ಮಾಡಿ ಕೆಲವು ತಿಂಗಳು ಜಾಸ್ತಿ ಉಳಿಸುತ್ತಿದ್ದರು. ಕೆನಡಾದ ಟೊರೊಂಟೊ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಅನ್ನುವ 14 ವರ್ಷದ ಹುಡುಗ ಹಾಗೆಯೇ ಮೂಳೆಚಕ್ಕಳವಾಗಿ ಮಲಗಿದ್ದ. ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ದನದ ಮೇದೋಜೀರಕ ಗ್ರಂಥಿಯಿಂದ ತೆಗೆದ ರಸವನ್ನು 1922ರ ಜನವರಿ 11ರಂದು ಅಲ್ಲಿನ ವೈದ್ಯರು ಅವನಿಗೆ ಚುಚ್ಚಿದರು. ಸರಿಹೋಗಲಿಲ್ಲ, ರಸ ಶುದ್ಧವಿರಲಿಲ್ಲ, ಚುಚ್ಚಿದ ಜಾಗದಲ್ಲಿ ಕೀವಾಯಿತು. ಜೇಮ್ಸ್ ಕಾಲಿಪ್ ಅನ್ನುವವರು ಹಗಲೂ ರಾತ್ರಿ ಕೂತು ಅದನ್ನು ಶುದ್ಧ ಮಾಡಿದರು. ಜನವರಿ 23ರಿಂದ ಮತ್ತೆ ಚುಚ್ಚಿದಾಗ ಹುಡುಗ ಚೇತರಿಸಿಕೊಂಡ. ಇನ್ನೂ 13 ವರ್ಷ ಬದುಕಿದ. ಬ್ಯಾಂಟಿಂಗಿಗೆ ಮರುವರ್ಷವೇ ನೊಬೆಲ್ ಬಂತು. ಇನ್ಸುಲಿನ್‌ನ ಪೇಟೆಂಟನ್ನು ವಿಶ್ವವಿದ್ಯಾಲಯಕ್ಕೆ ಕೊಟ್ಟದ್ದು ಒಂದೊಂದು ಡಾಲರಿಗೆ! ಬ್ಯಾಂಟಿಂಗ್ ಹುಟ್ಟಿದ್ದು ನವೆಂಬರ್ 14. ವಿಶ್ವ ಮಧುಮೇಹ ದಿನ ಅದೇ. ನಮ್ಮ ಮಕ್ಕಳ ದಿನಾಚರಣೆಯೂ ಅದೇ.

ಇವತ್ತು ನಿಮ್ಮ ಮಗಳು ಓದಬಹುದು, ಕಬಡ್ಡಿ ಆಡಬಹುದು, ಮುಂದೆ ಮದುವೆ ಮಕ್ಕಳು ಎಲ್ಲ ಆಗಬಹುದು. ಕ್ಲಾಸ್ ಟೀಚರಿಗೂ ಪಿಟಿ ಮೇಷ್ಟ್ರಿಗೂ ಕಾಯಿಲೆಯ ವಿಷಯ ಹೇಳಿ. ಬ್ಯಾಗಿನಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣ ಇರಲಿ. ಮುಚ್ಚಿಡಬೇಡಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಇನ್ಸುಲಿನ್ ಪ್ರಾಣಿಗಳಿಂದ ತೆಗೆದದ್ದಂತೆ, ಹೌದಾ? ಮಾತ್ರೆ ರೂಪದಲ್ಲಿ ಇಲ್ವಾ? (ಶಿರಸಿಯ ಓದುಗರು)

ಹಿಂದೆ ದನ, ಹಂದಿಯಿಂದಲೇ ತೆಗೆಯುತ್ತಿದ್ದರು. ಈಗ ಹಾಗಲ್ಲ. ಮನುಷ್ಯರ ಇನ್ಸುಲಿನ್ ಮಾಡುವ ಜೀನನ್ನು ಬ್ಯಾಕ್ಟೀರಿಯಾಕ್ಕೋ ಯೀಸ್ಟಿಗೋ ಸೇರಿಸಿ ದೊಡ್ಡ ತೊಟ್ಟಿಗಳಲ್ಲಿ ಬೆಳೆಸುತ್ತಾರೆ. ಅಮೆರಿಕದಲ್ಲಿ ಇದಕ್ಕೆ 1982ರಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲಿ ಯೀಸ್ಟಿನಿಂದ ಮಾಡಿದ್ದನ್ನು ಹೊರತಂದಿತು. ಒಟ್ಟಿನಲ್ಲಿ ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಯೀಸ್ಟಿನ ನೆಂಟನೇ ಇದನ್ನೂ ಮಾಡುತ್ತದೆ ಅಂದುಕೊಳ್ಳಿ. ಮಾತ್ರೆ ಯಾಕಿಲ್ಲ ಅಂದರೆ, ಇನ್ಸುಲಿನ್ ಒಂದು ಪ್ರೋಟೀನು. ನುಂಗಿದರೆ ತೊಗರಿಬೇಳೆ ಜೀರ್ಣವಾದ ಹಾಗೆ ಅದೂ ಜೀರ್ಣವಾಗಿಬಿಡುತ್ತದೆ.

ಪ್ರಶ್ನೆ: ರಾತ್ರಿ ಎರಡೇ ಚಪಾತಿ ತಿಂದು ಎಂಟಕ್ಕೆ ಮಲಗುತ್ತೇನೆ. ಮಲಗುವಾಗ 130 ಇದ್ದ ಸಕ್ಕರೆ ಬೆಳಿಗ್ಗೆ 175! ನಡುವೆ ಏನೂ ತಿಂದಿಲ್ಲ, ದೇವರಾಣೆ. (ದಾವಣಗೆರೆಯ ನಿವೃತ್ತ ಶಿಕ್ಷಕರು)

ಮೇಷ್ಟ್ರೇ, ಆಣೆ ಬೇಡ, ನಂಬಿದೆ. ಮೇಲೆ ಹೇಳಿದ ಕೆರೆ ನೆನಪಿದೆಯಲ್ವಾ? ರಾತ್ರಿ ನಾವು ಮಲಗಿದರೂ ಮಿದುಳಿಗೆ ಗ್ಲೂಕೋಸ್ ಬೇಕು. ಅದಕ್ಕೆ ಲಿವರ್ ತನ್ನ ದಾಸ್ತಾನಿನಿಂದ ಸ್ವಲ್ಪ ಸ್ವಲ್ಪ ಬಿಡುತ್ತಿರುತ್ತದೆ. ನಸುಕಿನಲ್ಲಿ ಕಾರ್ಟಿಸಾಲ್ ಥರದ ಹಾರ್ಮೋನುಗಳು ಏರಿ, ಎದ್ದೇಳುವ ಹೊತ್ತಾಯಿತು ಇನ್ನಷ್ಟು ಬಿಡು ಅನ್ನುತ್ತವೆ. ಆರೋಗ್ಯವಂತರಲ್ಲಿ ಇನ್ಸುಲಿನ್ ಬಂದು ತೂಬು ಇಳಿಸುತ್ತದೆ. ನಿಮ್ಮಲ್ಲಿ ಇಳಿಸುವವರು ಸಾಕಾಗುತ್ತಿಲ್ಲ. ಎರಡು ಚಪಾತಿಯನ್ನು ಒಂದಕ್ಕೆ ಇಳಿಸಿದರೆ ಇದು ಸರಿಹೋಗದು. ಮಾತ್ರೆಯ ಪ್ರಮಾಣ, ಹೊತ್ತು ಬದಲಿಸಬೇಕಾಗಬಹುದು. ಮೂರು ದಿನ ಮಲಗುವಾಗ, ರಾತ್ರಿ ಮೂರಕ್ಕೆ, ಬೆಳಿಗ್ಗೆ ಎದ್ದಾಗ ನೋಡಿ ಚೀಟಿಯಲ್ಲಿ ಬರೆದು ಡಾಕ್ಟರಿಗೆ ಕೊಡಿ. ಮೇಷ್ಟ್ರಿಗೆ ಹಾಜರಿ ಹಾಕುವುದು ಹೇಳಿಕೊಡಬೇಕಾ!

ಪ್ರಶ್ನೆ: ಶುಗರ್ ಇರುವವರು ಅನ್ನ ಬಿಟ್ಟು ಮುದ್ದೆ ಎಷ್ಟು ಬೇಕಾದರೂ ತಿನ್ನಬಹುದಂತೆ? (ಮಂಡ್ಯದ ಓದುಗರು)

‘ಎಷ್ಟು ಬೇಕಾದರೂ’ ಅನ್ನುವುದೇ ತೊಂದರೆ. 100 ಗ್ರಾಂ ರಾಗಿಯಲ್ಲಿ ಸುಮಾರು 65ರಿಂದ 70 ಗ್ರಾಂ ಪಿಷ್ಟವಿದೆ. ಅಕ್ಕಿಯಲ್ಲಿ 78. ದೊಡ್ಡ ವ್ಯತ್ಯಾಸವೇನಲ್ಲ. ನಮ್ಮನೆಯ ಒಂದು ಮುದ್ದೆಗೆ ಹಿಡಿಯುವ ಹಿಟ್ಟನ್ನು ತಕ್ಕಡಿಯಲ್ಲಿಟ್ಟು ನೋಡಿದೆ, 85 ಗ್ರಾಂ ಬಂತು. ಅಂದರೆ 55 ಗ್ರಾಂ ಮೇಲೆ ಪಿಷ್ಟ. ನಿಮ್ಮ ಮಂಡ್ಯದ ಮುದ್ದೆ ಇನ್ನೆಷ್ಟಿರುತ್ತದೋ!

ರಾಗಿಯ ಒಳ್ಳೆಯತನ ಇರುವುದು ನಾರಿನಲ್ಲಿ, ಕ್ಯಾಲ್ಸಿಯಂನಲ್ಲಿ. ಜರಡಿ ಹಿಡಿದು ನುಣ್ಣಗೆ ಮಾಡಿದರೆ ಆ ನಾರೂ ಹೋಯಿತು. ಅಂಬಲಿ, ರಾಗಿ ಮಾಲ್ಟು ಮುದ್ದೆಗಿಂತ ಬೇಗ ಸಕ್ಕರೆ ಏರಿಸುತ್ತವೆ, ಕುಡಿಯುವಂಥದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಒಂದು ಸಣ್ಣ ಮುದ್ದೆ, ಜೊತೆಗೆ ಬಸ್ಸಾರಿನ ಸೊಪ್ಪು, ಕಾಳು ಧಾರಾಳವಾಗಿ. ಮೊದಲು ಸೊಪ್ಪು ಕಾಳು, ಆಮೇಲೆ ಮುದ್ದೆ. ಉಂಡು ಹದಿನೈದು ನಿಮಿಷ ನಡೆಯಿರಿ. ಮಾಂಸಖಂಡ ಕೆಲಸ ಮಾಡುವಾಗ ಇನ್ಸುಲಿನ್ನಿಗೆ ಕಾಯದೆ ತಾನೇ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ಈ ಮುದ್ದೆಯನ್ನು ನಾನೂ ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಪ್ರಶ್ನೆ: ನಮ್ಮತ್ತೆಗೆ 67. ಸಂಜೆ ಏಳೂವರೆಗೆ ಇನ್ಸುಲಿನ್ ತಗೊಳ್ತಾರೆ. ಮೊನ್ನೆ ರಾತ್ರಿ ಮೈಯೆಲ್ಲ ಬೆವರಿ ಸೀರೆ ಒದ್ದೆಯಾಗಿತ್ತು, ಕೈ ನಡುಗ್ತಿತ್ತು, ಏನೇನೋ ಮಾತಾಡ್ತಿದ್ರು. ಗಾಬರಿಯಾಗಿ ಗ್ಲೂಕೋಮೀಟರ್‌ನಲ್ಲಿ ನೋಡಿದರೆ 48. ಆಮೇಲೆ ಕೇಳಿದರೆ, ಮಗ ಬರಲಿ ಅಂತ ಊಟಕ್ಕೆ ಕಾದಿದ್ರಂತೆ. ಏನು ಮಾಡಬೇಕು? (ಹಾಸನದ ಸೊಸೆ)

ಮೀಟರ್ ತೆಗೆದು ನೋಡಿದಿರಲ್ಲ, ಜಾಣೆ ನೀವು. ಇದು ಲೋ ಶುಗರ್. 70ರ ಕೆಳಗೆ ಹೋದರೆ ಕೂಡಲೇ ಮೂರು ನಾಲ್ಕು ಟೀ ಚಮಚ ಸಕ್ಕರೆಯನ್ನು ನೀರಲ್ಲಿ ಕಲಸಿ ಕುಡಿಸಿ. ಲಾಡು, ಚಾಕಲೇಟು ಬೇಡ, ಅದರ ಕೊಬ್ಬು ಸಕ್ಕರೆಯನ್ನು ತಡ ಮಾಡುತ್ತದೆ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಇನ್ನೂ ಕಮ್ಮಿ ಇದ್ದರೆ ಮತ್ತೆ ಕೊಡಿ. ಸರಿಹೋದ ಮೇಲೆ ಊಟ ಮಾಡಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಉಸಿರುನಾಳಕ್ಕೆ ಹೋಗುತ್ತದೆ. ಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ.

ಮರುದಿನ ಡಾಕ್ಟರಿಗೆ ಹೇಳಿ, ಡೋಸು ನೋಡುತ್ತಾರೆ. ಆದರೆ ಅಸಲು ಕಾರಣ ನೀವೇ ಬರೆದಿದ್ದೀರಿ. ಗದ್ದೆಯ ಬಾಯೆಲ್ಲ ತೆಗೆದು ನೀರೇ ಬಿಡದಿದ್ದರೆ ಹೇಗೆ? ಊಟಕ್ಕೆ ಮುಂಚೆ ತಗೊಳ್ಳುವ ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಮಗನಿಗೂ ಕಾಯುವಂತಿಲ್ಲ, ಮಂಗಳಾರತಿಗೂ ಕಾಯುವಂತಿಲ್ಲ. ಸೋಮವಾರದ ಉಪವಾಸ, ಏಕಾದಶಿ ಇದ್ದರೆ ಹಿಂದಿನ ದಿನವೇ ಡಾಕ್ಟರನ್ನು ಕೇಳಬೇಕು. ನೀವು ಸೊಸೆ, ಹೇಳಿದರೆ ಕೇಳಲಿಕ್ಕಿಲ್ಲ. ಒಂದು ಉಪಾಯ ಮಾಡಿ. ತಟ್ಟೆಗೆ ಬಡಿಸಿ ಎದುರಿಗಿಟ್ಟ ಮೇಲೆ ಸೂಜಿ ಕೈಗೆ ಕೊಡಿ. ನನ್ನ ಮನೆಯಲ್ಲಿ ನನ್ನ ಯಜಮಾನರು ನನಗೆ ಮಾಡುವುದೂ ಹೀಗೆಯೇ. ಕ್ಲಿನಿಕ್ಕಿನಿಂದ ಫೋನ್ ಬಂತು ಅಂತ ನಾನು ಎದ್ದು ಹೋಗುತ್ತೇನೆ ಅಂತ ಅವರಿಗೆ ಚೆನ್ನಾಗಿ ಗೊತ್ತು.